ಜಾಗತಿಕ ವ್ಯಾಪಾರ ಮತ್ತು ದುಡಿಯುವ ಜನ: ಒಂದು ವಿಚಾರಧಾರೆಯ ಸಮೀಕ್ಷೆ

ಬಡ ದೇಶವೊಂದು ವಿದೇಶದ ಸರಕಿಗೂ ಬಂಡವಾಳಕ್ಕೂ ತನ್ನ ಬಾಗಿಲನ್ನು ತೆರೆದಾಗ ಅಲ್ಲಿನ ಸಂಪತ್ತು ವೃದ್ಧಿಯಾಗುವುದೆ, ವೃದ್ಧಿಯಾದರೆ ಅದು ದುಡಿಯುವವರಿಗೆ ಉದ್ಯೋಗವಾಗಿ ಒದಗುವುದೆ ಎಂಬ ಪ್ರಶ್ನೆಯು ಅರ್ಥಶಾಸ್ತ್ರದಷ್ಟೇ ಹಳೆಯದು. ಪ್ರತಿಯೊಂದು ದೇಶವೂ ತನಗೆ ತುಲನಾತ್ಮಕವಾಗಿ ಸುಲಭವಾದುದನ್ನು ತಯಾರಿಸಿ ಉಳಿದುದನ್ನು ಕೊಂಡರೆ ಉಭಯರಿಗೂ ಲಾಭವೆಂದು, ಇಂಗ್ಲೆಂಡಿನ ಬಟ್ಟೆ ಮತ್ತು ಪೋರ್ಚುಗಲ್ಲಿನ ದ್ರಾಕ್ಷಾರಸಗಳ ನಿದರ್ಶನದಿಂದ ಡೇವಿಡ್ ರಿಕಾರ್ಡೊ ಅವರು 1817ರಲ್ಲಿ ಪ್ರತಿಪಾದಿಸಿದರು. ಈ ತರ್ಕವು ಸಮರ್ಪಕವಾದುದೇ. ಆದರೆ ಒಂದು ಕಸುಬಿನಲ್ಲಿ ನೆಲೆತಪ್ಪಿದವನು ಇನ್ನೊಂದರಲ್ಲಿ ಅನಾಯಾಸವಾಗಿ ನೆಲೆಗೊಳ್ಳುವನೆಂಬ ಗೃಹೀತವೊಂದು ಅದರ ತಳಹದಿಯಲ್ಲಿ ಅಡಗಿತ್ತು. ಮುಂದಿನ ಎರಡು ಶತಮಾನಗಳ ವಿಚಾರಮಂಥನವು ಬಹುಮಟ್ಟಿಗೆ ಆ ಗೃಹೀತದ ಪರೀಕ್ಷೆಯೇ ಆಗಿದೆ.

ಆ ಪರೀಕ್ಷೆಯನ್ನು ಕೈಗೊಂಡವರಲ್ಲಿ ನಮ್ಮ ಹಿರಿಯರು ಅಗ್ರಗಣ್ಯರು. ಲ್ಯಾಂಕಾಷೈರಿನ ಗಿರಣಿಬಟ್ಟೆಯಿಂದ ಮಗ್ಗ ನಿಂತುಹೋದ ನೇಕಾರರಿಗೆ ಬೇರೊಂದು ಉದ್ಯಮವು ಆಶ್ರಯ ಕೊಡಲಿಲ್ಲವೆಂಬುದನ್ನೂ, ಅವರೆಲ್ಲರೂ ಬೇಸಾಯವನ್ನೇ ನೆಚ್ಚಬೇಕಾಗಿ ಬಂದುದನ್ನೂ ರಮೇಶಚಂದ್ರ ದತ್ತರು ತಮ್ಮ ಆರ್ಥಿಕ ಇತಿಹಾಸದಲ್ಲಿ ವಿಶದಪಡಿಸಿದರು. ದೇಶದ ಸಂಪತ್ತು ಹೊರಕ್ಕೆ ಸೋರಿಹೋಗುವ ಬಗೆಯನ್ನು ದಾದಾಭಾಯಿ ನವರೋಜಿಯವರು 1901ರ ತಮ್ಮ ಗ್ರಂಥದಲ್ಲಿ ಲೆಕ್ಕವಿಟ್ಟು ತೋರಿಸಿದರು.

ಎರಡನೆಯ ಮಹಾಯುದ್ಧದ ತರುವಾಯ ಈ ಶಂಕೆಗೆ ಸಿದ್ಧಾಂತದ ಬಲ ಬಂದಿತು. ಕಚ್ಚಾ ಸಾಮಗ್ರಿಯನ್ನು ಮಾರಿ ಯಂತ್ರಗಳನ್ನು ಕೊಳ್ಳುವ ದೇಶಗಳ ಸರಕಿನ ಸಾಪೇಕ್ಷ ಬೆಲೆಯು ಕಾಲಕ್ರಮದಲ್ಲಿ ಕುಗ್ಗುತ್ತ ಹೋಗುವುದೆಂದು 1950ರ ಸುಮಾರಿಗೆ ರಾವುಲ್ ಪ್ರೆಬಿಷ್ ಮತ್ತು ಹಾನ್ಸ್ ಸಿಂಗರ್ ಅವರು ವಾದಿಸಿದರು. ಕೃಷಿಯಲ್ಲಿ ಹೆಚ್ಚುವರಿಯಾಗಿರುವ ಶ್ರಮವನ್ನು ಕೈಗಾರಿಕೆಯು ಸೆಳೆದುಕೊಳ್ಳುವುದೇ ಅಭಿವೃದ್ಧಿಯ ತಿರುಳೆಂದು 1954ರಲ್ಲಿ ಆರ್ಥರ್ ಲೂಯಿಸ್ ಅವರು ನಿರೂಪಿಸಿದರು. ಆಮದನ್ನು ತಡೆದು ಸ್ವದೇಶದಲ್ಲೇ ಉತ್ಪಾದಿಸುವ ನೀತಿಯನ್ನು ಅನೇಕ ರಾಷ್ಟ್ರಗಳು ಅಂಗೀಕರಿಸಿದವು. ಆದರೆ ಆ ರಕ್ಷಣೆಯ ನೆರಳಿನಲ್ಲಿ ಪರವಾನಗಿ ಪಡೆಯುವ ಚಾತುರ್ಯವೇ ಉತ್ಪಾದನೆಯ ಕೌಶಲಕ್ಕಿಂತ ಲಾಭದಾಯಕವಾಗಿ ಪರಿಣಮಿಸಿತೆಂಬುದನ್ನು 1970ರಲ್ಲಿ ಜಗದೀಶ ಭಗವತಿ ಮತ್ತು ಪದ್ಮಾ ದೇಸಾಯಿಯವರೂ, 1974ರಲ್ಲಿ ಆನ್ ಕ್ರೂಗರ್ ಅವರೂ ಬಯಲಿಗೆಳೆದರು.

ಅಷ್ಟರಲ್ಲಿ ದಕ್ಷಿಣ ಕೊರಿಯವು ರಫ್ತಿನ ಮಾರ್ಗದಿಂದ ಮುನ್ನಡೆದಿತ್ತು. ಅದು ಮುಕ್ತ ವ್ಯಾಪಾರದ ಜಯವೆಂದು ಒಂದು ಪಂಥವು ಸಾರಿದರೆ, ಸಾಲವನ್ನೂ ರಕ್ಷಣೆಯನ್ನೂ ರಫ್ತಿನ ಸಾಧನೆಗೆ ಗಂಟುಹಾಕಿ ಉದ್ಯಮಿಗಳನ್ನು ಶಿಸ್ತಿಗೊಳಪಡಿಸಿದ ಸರ್ಕಾರದ ಜಯವದೆಂದು ಆಲಿಸ್ ಆಮ್ಸ್‌ಡೆನ್ ಅವರು 1989ರಲ್ಲಿ ಪ್ರತಿವಾದ ಹೂಡಿದರು. ತೆರೆದ ದೇಶಗಳು ಹೆಚ್ಚು ವೇಗವಾಗಿ ಬೆಳೆಯುವುವೆಂದು 1995ರಲ್ಲಿ ಜೆಫ್ರಿ ಸ್ಯಾಕ್ಸ್ ಮತ್ತು ಆಂಡ್ರ್ಯೂ ವಾರ್ನರ್ ಅವರು ಅಂಕಿಅಂಶಗಳಿಂದ ಸಾಧಿಸಲೆತ್ನಿಸಿದಾಗ, ಅವರ ಅಳತೆಗೋಲೇ ಸಂದಿಗ್ಧವೆಂದು ಫ್ರಾನ್ಸಿಸ್ಕೊ ರೊಡ್ರಿಗೆಸ್ ಮತ್ತು ಡ್ಯಾನಿ ರೋಡ್ರಿಕ್ ಅವರು ಕೆಲವೇ ವರ್ಷಗಳಲ್ಲಿ ಆಕ್ಷೇಪಿಸಿದರು.

ದೇಶದೇಶಗಳನ್ನು ತೂಗುವ ಈ ವಿವಾದವು ತೀರದೆ ಹೋದಾಗ ಸಂಶೋಧಕರು ದೇಶದೊಳಗಣ ಊರುಗಳತ್ತ ದೃಷ್ಟಿಯನ್ನು ತಿರುಗಿಸಿದುದು ಈ ಶಾಸ್ತ್ರದ ಶ್ರೇಷ್ಠವಾದ ತಿರುವು. ಭಾರತದಲ್ಲಿ 1991ರ ಬಳಿಕ ಸುಂಕಗಳು ಹಠಾತ್ತನೆ ಇಳಿದಾಗ, ಯಾವ ಜಿಲ್ಲೆಯ ಕಸುಬುಗಳು ರಕ್ಷಣೆಯನ್ನು ಹೆಚ್ಚಾಗಿ ಕಳೆದುಕೊಂಡವೋ ಆ ಜಿಲ್ಲೆಯ ಹಳ್ಳಿಗಳಲ್ಲಿ ಬಡತನವು ಉಳಿದೆಡೆಗಿಂತ ನಿಧಾನವಾಗಿ ತಗ್ಗಿತೆಂದೂ, ಜನರು ಜಿಲ್ಲೆಯಿಂದ ಜಿಲ್ಲೆಗೆ ವಲಸೆಹೋದುದು ಅತ್ಯಲ್ಪವೆಂದೂ ಪೆಟಿಯಾ ಟೊಪಲೊವಾ ಅವರು ಕಂಡುಕೊಂಡರು. ಬ್ರೆಜಿಲಿನಲ್ಲಿ ಅಂಥದೇ ಪೆಟ್ಟು ತಿಂದ ಪ್ರದೇಶಗಳ ನಷ್ಟವು ಇಪ್ಪತ್ತು ವರ್ಷಗಳಲ್ಲಿ ಮಾಯುವ ಬದಲು ಮತ್ತಷ್ಟು ಆಳವಾಯಿತೆಂದು 2017ರಲ್ಲಿ ಡಿಕ್ಸ್-ಕಾರ್ನೈರೊ ಮತ್ತು ಕೊವಾಕ್ ಅವರು ತೋರಿಸಿದರು. ಲಾಭದ ಪಕ್ಷವೂ ಅಷ್ಟೇ ಸ್ಪಷ್ಟವಾಗಿದೆ. ದೆಹಲಿಯ ಸುತ್ತಣ ಕೆಲವು ಹಳ್ಳಿಗಳಿಗೆ ಕಾಲ್ ಸೆಂಟರ್ ಮೊದಲಾದ ಕೆಲಸಗಳಿಗೆ ತರುಣಿಯರನ್ನು ಆರಿಸುವವರನ್ನು ಕಳುಹಿಸಿದಾಗ, ಅಲ್ಲಿನ ಹೆಣ್ಣುಮಕ್ಕಳ ಓದು ಹೆಚ್ಚಿ, ಮದುವೆಯು ಮುಂದಕ್ಕೆ ಹೋಯಿತೆಂಬುದನ್ನು ರಾಬರ್ಟ್ ಜೆನ್ಸನ್ ಅವರ 2012ರ ಪ್ರಬಂಧವು ದಾಖಲಿಸಿದೆ.

ಕರ್ನಾಟಕಕ್ಕೂ ಈ ಅನುಭವವು ಹೊಸದಲ್ಲ. ಹೊರದೇಶಗಳ ಬೇಡಿಕೆಯಿಂದಲೇ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳೂ ಗಾರ್ಮೆಂಟ್ಸ್ ಕಾರ್ಖಾನೆಗಳೂ ಲಕ್ಷಾಂತರ ಜನರಿಗೆ ಕೆಲಸ ಕೊಟ್ಟಿವೆ. ಆದರೆ 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇಕಡಾ 30ರಿಂದ 5ಕ್ಕೆ ಇಳಿಸಿದ ವರ್ಷವೇ ಗೂಡಿನ ಬೆಲೆ ಕುಸಿದು ರಾಮನಗರದ ಬೆಳೆಗಾರರು ಬೀದಿಗಿಳಿಯಬೇಕಾಯಿತು. ಹಿಪ್ಪುನೇರಳೆಯ ತೋಟವನ್ನೂ ಹುಳು ಸಾಕುವ ಮನೆಯನ್ನೂ ಸಾಲಮಾಡಿ ಕಟ್ಟಿಕೊಂಡ ರೈತನು ಒಂದು ಋತುವಿನಲ್ಲಿ ಬೇರೆ ಕಸುಬಿಗೆ ಹೊರಳಲಾರನು.

ಬಡ ದೇಶಗಳಲ್ಲಿ ಕೈಗಾರಿಕೆಯು ಪೂರ್ಣವಾಗಿ ಬೆಳೆಯುವ ಮುನ್ನವೇ ಕುಗ್ಗತೊಡಗಿದೆಯೆಂದು ರೋಡ್ರಿಕ್ ಅವರು 2016ರಲ್ಲಿ ನೀಡಿದ ಎಚ್ಚರಿಕೆಯಿಂದಾಗಿ ಈ ಮಾತಿಗೆ ಮತ್ತಷ್ಟು ತೂಕ ಬಂದಿದೆ. ವ್ಯಾಪಾರವು ಸಂಪತ್ತನ್ನು ಹೆಚ್ಚಿಸಬಲ್ಲುದು. ಅದನ್ನು ಹಂಚುವ ಹೊಣೆ ವ್ಯಾಪಾರದ್ದಲ್ಲ, ಸರ್ಕಾರದ್ದು. ಸುಂಕವನ್ನು ಇಳಿಸುವ ಮೊದಲೇ ಯಾವ ಜಿಲ್ಲೆಯ ಯಾವ ಕಸುಬಿಗೆ ಪೆಟ್ಟು ಬೀಳುವುದೆಂದು ಎಣಿಸಿ, ಆ ಜನರಿಗೆ ತರಬೇತಿ, ಸಾಲ ಮತ್ತು ಜೀವನಭದ್ರತೆಗಳನ್ನು ಏರ್ಪಡಿಸದ ಸರ್ಕಾರವು ದೇಶದ ಲಾಭಕ್ಕೆ ಬಡವರಿಂದ ಬೆಲೆ ತೆರಿಸಿದಂತೆಯೇ ಸರಿ.