ದತ್ತಸಂಚಯ ಸರ್ವರ್‌ನ ಯಂತ್ರಾಂಶ

ದತ್ತಸಂಚಯ ಸರ್ವರ್ ಎಂದರೆ ಮಾಹಿತಿಯನ್ನು ಕ್ರಮಬದ್ಧವಾಗಿ ಸಂಗ್ರಹಿಸಿಟ್ಟುಕೊಂಡು, ಜಾಲದ ಮೂಲಕ ಬೇರೆ ಗಣಕಯಂತ್ರಗಳು ಕೇಳಿದಾಗ ಅದನ್ನು ಒದಗಿಸುವ ಗಣಕಯಂತ್ರ. ಈ ಒಂದೇ ಕಾರ್ಯಕ್ಕೆ ಮೀಸಲಾಗಿರುವ ಯಂತ್ರವನ್ನು ಮೀಸಲು ದತ್ತಸಂಚಯ ಸರ್ವರ್ ಎನ್ನುತ್ತಾರೆ. ಕಚೇರಿ, ಆಸ್ಪತ್ರೆ, ಗ್ರಂಥಾಲಯ, ಸಹಕಾರ ಸಂಘ ಮೊದಲಾದ ಸಣ್ಣ ಸಂಸ್ಥೆಗಳಲ್ಲಿ ಇಂತಹ ಒಂದೇ ಯಂತ್ರ ಸಂಸ್ಥೆಯ ಎಲ್ಲ ದಾಖಲೆಗಳನ್ನೂ ಹೊತ್ತಿರುವುದುಂಟು. ಆದುದರಿಂದ ಅದರ ಯಂತ್ರಾಂಶವನ್ನು ಆಯ್ಕೆಮಾಡುವಾಗ ವೇಗಕ್ಕಿಂತ ಮೊದಲು ದಾಖಲೆಯ ಸುರಕ್ಷತೆಯನ್ನು ಪರಿಗಣಿಸಲಾಗುತ್ತದೆ.

ಕರ್ನಾಟಕದಲ್ಲಿ ಬಳಕೆ

ಕರ್ನಾಟಕದಲ್ಲಿ ಸಣ್ಣ ದತ್ತಸಂಚಯ ಸರ್ವರ್‌ಗಳ ವ್ಯಾಪಕ ಬಳಕೆಗೆ ಕಂದಾಯ ಇಲಾಖೆಯ ಭೂಮಿ ಯೋಜನೆ ಪ್ರಮುಖ ನಿದರ್ಶನವಾಗಿದೆ. 2000ದ ದಶಕದ ಆರಂಭದಲ್ಲಿ ಜಾರಿಗೆ ಬಂದ ಈ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಲಾಯಿತು. ತಂತ್ರಾಂಶವನ್ನು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ಬೆಂಗಳೂರು ಘಟಕ ಸಿದ್ಧಪಡಿಸಿತು. ಮೊದಲ ಹಂತದಲ್ಲಿ ಆಯಾ ತಾಲ್ಲೂಕಿನ ದತ್ತಸಂಚಯವು ತಾಲ್ಲೂಕು ಕಚೇರಿಯಲ್ಲಿಯೇ ಇದ್ದು, ರೈತರು 15 ರೂಪಾಯಿ ಶುಲ್ಕ ತೆತ್ತು ಅಲ್ಲಿಯ ಭೂಮಿ ಕೇಂದ್ರದಿಂದ ಪಹಣಿಯ ಪ್ರತಿ ಪಡೆಯುತ್ತಿದ್ದರು. ಗಣಕೀಕರಣ ಪೂರ್ಣಗೊಂಡ ಕಡೆ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲವಾಯಿತು. ಹೀಗಾಗಿ ಯಂತ್ರದಲ್ಲಿರುವ ನಮೂದೇ ಜಮೀನಿನ ಅಧಿಕೃತ ದಾಖಲೆಯಾಯಿತು. ಯಂತ್ರದ ಬಾಳಿಕೆ ರೈತನ ಹಕ್ಕಿಗೆ ನೇರವಾಗಿ ಸಂಬಂಧಿಸಿದ ವಿಷಯವಾಯಿತು. ಕಾಲಕ್ರಮೇಣ ತಾಲ್ಲೂಕುಗಳ ದತ್ತಸಂಚಯಗಳನ್ನು ಕೇಂದ್ರೀಕೃತ ವ್ಯವಸ್ಥೆಗೆ ವರ್ಗಾಯಿಸಲಾಯಿತು.

ಬೆಂಗಳೂರು ಪೂರ್ವ ತಾಲ್ಲೂಕಿನ ಆಡಳಿತ ಕೇಂದ್ರ ಕೃಷ್ಣರಾಜಪುರ. ವರ್ತೂರು, ಬಿದರಹಳ್ಳಿ ಹೋಬಳಿಗಳ ಜಮೀನುಗಳ ಪಹಣಿ ಈ ತಾಲ್ಲೂಕಿಗೆ ಸೇರಿದವು. ಶಿವಾಜಿನಗರ, ಹಲಸೂರು, ಇಂದಿರಾನಗರಗಳಂತಹ ನಗರ ಪ್ರದೇಶಗಳಲ್ಲಿ ಜನರಿಗೆ ಹೆಚ್ಚು ಪರಿಚಿತವಾಗಿರುವುದು ಉಪನೋಂದಣಾಧಿಕಾರಿ ಕಚೇರಿಗಳ ದಾಖಲೆ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ ವ್ಯವಸ್ಥೆಯಲ್ಲಿ ಕ್ರಯಪತ್ರಗಳ ಸ್ಕ್ಯಾನ್ ಪ್ರತಿ, ಕಕ್ಷಿದಾರರ ಭಾವಚಿತ್ರ ಹಾಗೂ ಹೆಬ್ಬೆರಳಿನ ಗುರುತುಗಳನ್ನು ಸಂಗ್ರಹಿಸಲಾಗುತ್ತದೆ. 2023ರಲ್ಲಿ ಬಂದ ಕಾವೇರಿ 2.0 ಅರ್ಜಿ ಸಲ್ಲಿಕೆ ಮತ್ತು ಶುಲ್ಕ ಪಾವತಿಯನ್ನು ಅಂತರ್ಜಾಲಕ್ಕೆ ತಂದಿತು.

ಈ ಎರಡು ಬಗೆಯ ದಾಖಲೆಗಳ ಗಾತ್ರದಲ್ಲಿ ದೊಡ್ಡ ವ್ಯತ್ಯಾಸವಿದೆ. ಪಹಣಿಯು ಅಕ್ಷರ ಮತ್ತು ಅಂಕಿಗಳ ದಾಖಲೆ. ಕ್ರಯಪತ್ರದ ಪ್ರತಿ ಚಿತ್ರರೂಪದ್ದು. ಉದಾಹರಣೆಗೆ, ದಾಖಲೆಯೊಂದಕ್ಕೆ 4 ಕಿಲೋಬೈಟ್‌ನಂತೆ 10 ಲಕ್ಷ ಅಕ್ಷರ ದಾಖಲೆಗಳಿಗೆ 4 ಗಿಗಾಬೈಟ್ ಸಾಕು. ಪುಟಕ್ಕೆ 100 ಕಿಲೋಬೈಟ್‌ನಂತೆ 10 ಪುಟಗಳ 10 ಲಕ್ಷ ಪತ್ರಗಳಿಗೆ 1,000 ಗಿಗಾಬೈಟ್, ಅಂದರೆ 1 ಟೆರಾಬೈಟ್ ಬೇಕು. ಯಾವ ಬಗೆಯ ಮಾಹಿತಿ ಎಷ್ಟು ಇದೆ ಎಂಬ ಲೆಕ್ಕವೇ ಆಯ್ಕೆಯ ಮೊದಲ ಹೆಜ್ಜೆ.

ಸ್ಮೃತಿ

ದತ್ತಸಂಚಯ ತಂತ್ರಾಂಶವು ಪದೇ ಪದೇ ಬೇಕಾಗುವ ಪುಟಗಳನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತದೆ. ದಿನನಿತ್ಯ ಬಳಕೆಯಾಗುವ ಭಾಗವಷ್ಟೂ ರ‍್ಯಾಮ್‌ನಲ್ಲಿ ಹಿಡಿಸಿದರೆ ಹುಡುಕಾಟಕ್ಕೆ ಡಿಸ್ಕ್‌ನ ಅವಲಂಬನೆ ಬಹಳ ಕಡಿಮೆಯಾಗುತ್ತದೆ. ಮೇಲಿನ ಉದಾಹರಣೆಯ 4 ಗಿಗಾಬೈಟ್ ದಾಖಲೆಗಳು ಸೂಚಿಗಳೂ ಸೇರಿ ಇಮ್ಮಡಿಯಾದರೂ 32 ಗಿಗಾಬೈಟ್ ರ‍್ಯಾಮ್‌ನ ಯಂತ್ರದಲ್ಲಿ ಸುಲಭವಾಗಿ ಹಿಡಿಸುತ್ತವೆ. ಸರ್ವರ್‌ಗಳಲ್ಲಿ ದೋಷ ತಿದ್ದುವ ಸಾಮರ್ಥ್ಯವುಳ್ಳ ಇಸಿಸಿ ರ‍್ಯಾಮ್ ಬಳಸುತ್ತಾರೆ. ಸಾಮಾನ್ಯ ರ‍್ಯಾಮ್‌ನಲ್ಲಿ ಒಂದು ಬಿಟ್ ತಾನಾಗಿ ಬದಲಾದರೆ ಸರ್ವೆ ಸಂಖ್ಯೆಯೋ ವಿಸ್ತೀರ್ಣವೋ ಯಾರ ಗಮನಕ್ಕೂ ಬಾರದೆ ತಪ್ಪಾಗಿ ದಾಖಲಾಗಬಹುದು. ಇಸಿಸಿ ಬಳಸಲು ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡೂ ಅದಕ್ಕೆ ಹೊಂದುವಂತಿರಬೇಕು.

ಸಂಗ್ರಹಣ ಸಾಧನ

ವ್ಯವಹಾರವೊಂದು ಪೂರ್ಣಗೊಂಡಿತು ಎಂದು ತಿಳಿಸುವ ಮುನ್ನ ದತ್ತಸಂಚಯವು ಆ ಬದಲಾವಣೆಯನ್ನು ಲಾಗ್ ಕಡತದಲ್ಲಿ ಬರೆದು, ಅದು ಡಿಸ್ಕ್‌ನಲ್ಲಿ ಶಾಶ್ವತವಾಗಿ ಉಳಿದುದನ್ನು ಖಚಿತಪಡಿಸಿಕೊಳ್ಳುತ್ತದೆ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 120 ಸುತ್ತು ಮಾತ್ರ ತಿರುಗುತ್ತದೆ. ಒಂದಾದ ಮೇಲೊಂದರಂತೆ ಬರುವ ವ್ಯವಹಾರಗಳನ್ನು ಅದು ಬರೆಯುವ ಮಿತಿಯೂ ಸರಿಸುಮಾರು ಅಷ್ಟೇ. ತಿರುಗುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಈ ಅಡಚಣೆ ಇಲ್ಲ. ಅದರಲ್ಲೂ ಎನ್‌ವಿಎಂಇ ಬಗೆಯವು ಹೆಚ್ಚು ವೇಗದವು.

ಮನೆಬಳಕೆಯ ಅನೇಕ ಎಸ್‌ಎಸ್‌ಡಿಗಳಲ್ಲಿ ಬರೆಯಬೇಕಾದ ಮಾಹಿತಿ ಕೆಲಕಾಲ ತಾತ್ಕಾಲಿಕ ಸ್ಮೃತಿಯಲ್ಲಿ ನಿಲ್ಲುತ್ತದೆ. ಆ ಕ್ಷಣದಲ್ಲಿ ವಿದ್ಯುತ್ ಹೋದರೆ ಅದು ನಷ್ಟವಾಗುವ ಅಪಾಯವಿದೆ. ಸರ್ವರ್ ದರ್ಜೆಯ ಎಸ್‌ಎಸ್‌ಡಿಗಳಲ್ಲಿ ಕೆಪಾಸಿಟರ್‌ಗಳಿದ್ದು, ಉಳಿದ ಮಾಹಿತಿಯನ್ನು ಬರೆದು ಮುಗಿಸುವಷ್ಟು ಶಕ್ತಿಯನ್ನು ಅವು ಒದಗಿಸುತ್ತವೆ. ಬೆಲೆ ಹೆಚ್ಚಾದರೂ ದತ್ತಸಂಚಯಕ್ಕೆ ಇಂತಹವೇ ಸೂಕ್ತ. ಎಸ್‌ಎಸ್‌ಡಿಯ ಜೀವಿತಾವಧಿಯಲ್ಲಿ ಒಟ್ಟು ಎಷ್ಟು ಟೆರಾಬೈಟ್ ಬರೆಯಬಹುದೆಂಬ ಮಿತಿಯನ್ನು ತಯಾರಕರು ನಮೂದಿಸಿರುತ್ತಾರೆ. ಕೊಳ್ಳುವಾಗ ಅದನ್ನೂ ಗಮನಿಸಬೇಕು.

ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ಡಿಸ್ಕ್‌ಗಳನ್ನು ರೇಡ್ ಕ್ರಮದಲ್ಲಿ ಜೋಡಿಸುತ್ತಾರೆ. ಎರಡು ಡಿಸ್ಕ್‌ಗಳಿದ್ದರೆ ಒಂದು ಮತ್ತೊಂದರ ಪ್ರತಿಬಿಂಬವಾಗಿರುವ ರೇಡ್ 1, ನಾಲ್ಕಿದ್ದರೆ ರೇಡ್ 10 ರೂಢಿಯಲ್ಲಿವೆ. ರೇಡ್ 5ರಲ್ಲಿ ಸ್ಥಳ ಉಳಿತಾಯವಾಗುತ್ತದೆ. ಆದರೆ ಪ್ರತಿ ಸಣ್ಣ ಬರವಣಿಗೆಗೂ ಎರಡು ಓದು, ಎರಡು ಬರಹ ಬೇಕಾಗುವುದರಿಂದ ಪದೇ ಪದೇ ತಿದ್ದುಪಡಿಯಾಗುವ ದತ್ತಸಂಚಯಕ್ಕೆ ಅದು ಅಷ್ಟು ಹೊಂದುವುದಿಲ್ಲ.

ಪ್ರೊಸೆಸರ್

ಸಣ್ಣ ಸರ್ವರ್‌ಗೆ ಸಾಮಾನ್ಯವಾಗಿ 4ರಿಂದ 8 ಕೋರ್‌ಗಳ ಪ್ರೊಸೆಸರ್ ಸಾಕಾಗುತ್ತದೆ. ಸಾಧಾರಣ ಹುಡುಕಾಟವೊಂದು ಒಂದೇ ಕೋರ್‌ನಲ್ಲಿ ನಡೆಯುವುದರಿಂದ ಪ್ರತಿ ಕೋರ್‌ನ ವೇಗ ಮುಖ್ಯ. ಏಕಕಾಲದಲ್ಲಿ ಕೆಲಸ ಮಾಡುವವರು ಹೆಚ್ಚಿದ್ದಲ್ಲಿ ಕೋರ್‌ಗಳ ಸಂಖ್ಯೆ ಉಪಯೋಗಕ್ಕೆ ಬರುತ್ತದೆ. ಕೆಲವು ವಾಣಿಜ್ಯ ತಂತ್ರಾಂಶಗಳ ಪರವಾನಗಿ ಶುಲ್ಕ ಕೋರ್‌ಗಳ ಲೆಕ್ಕದಲ್ಲಿರುತ್ತದೆ. ಅಲ್ಲಿ ಅನಗತ್ಯ ಕೋರ್‌ಗಳು ವೆಚ್ಚವನ್ನೂ ಹೆಚ್ಚಿಸುತ್ತವೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನಂತಹ ಮುಕ್ತ ತಂತ್ರಾಂಶಗಳಿಗೆ ಈ ಶುಲ್ಕವಿಲ್ಲ.

ವಿದ್ಯುತ್ ಮತ್ತು ಪರಿಸರ

ಬೆಂಗಳೂರಿನ ಹವಾಮಾನ ಹಿತಕರವಾದರೂ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮರದ ಕೊಂಬೆಗಳು ತಂತಿಯ ಮೇಲೆ ಬಿದ್ದು ವಿದ್ಯುತ್ ಕಡಿತವಾಗುವುದು ಸಾಮಾನ್ಯ. ಆದ್ದರಿಂದ ಯುಪಿಎಸ್ ಅನಿವಾರ್ಯ. ಬ್ಯಾಟರಿ ಮುಗಿಯುತ್ತಿದೆ ಎಂದು ಯಂತ್ರಕ್ಕೆ ಸೂಚನೆ ನೀಡಿ, ಅದು ಕ್ರಮವಾಗಿ ಸ್ಥಗಿತಗೊಳ್ಳುವಂತೆ ಮಾಡುವ ಯುಪಿಎಸ್ ಉತ್ತಮ. ಸಿಡಿಲಿನಿಂದ ರಕ್ಷಣೆಗೆ ಸರಿಯಾದ ಅರ್ಥಿಂಗ್ ಬೇಕು. ಯಂತ್ರದೊಳಕ್ಕೆ ಹೋಗುವ ಗಾಳಿಯ ಉಷ್ಣತೆ 18ರಿಂದ 27 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕೆಂಬುದು ಅಂಗೀಕೃತ ಶಿಫಾರಸು. ದೂಳಿರುವ ರಸ್ತೆಬದಿಯ ಕಚೇರಿಗಳಲ್ಲಿ ಫ್ಯಾನುಗಳನ್ನು ಆಗಾಗ ಶುಚಿಗೊಳಿಸಬೇಕಾಗುತ್ತದೆ.

ಬ್ಯಾಕಪ್

ರೇಡ್ ವ್ಯವಸ್ಥೆ ಬ್ಯಾಕಪ್‌ಗೆ ಬದಲಿಯಲ್ಲ. ತಪ್ಪಾಗಿ ಅಳಿಸಿದ ದಾಖಲೆ ಎರಡೂ ಡಿಸ್ಕ್‌ಗಳಿಂದ ಒಮ್ಮೆಗೇ ಅಳಿಯುತ್ತದೆ. ಬೆಂಕಿ, ಕಳವು, ನೀರು ನುಗ್ಗುವಿಕೆಗಳಲ್ಲಿ ಇಡೀ ಯಂತ್ರವೇ ಹೋಗಬಹುದು. ಒಟ್ಟು 3 ಪ್ರತಿಗಳು, 2 ಬಗೆಯ ಮಾಧ್ಯಮಗಳು, 1 ಪ್ರತಿ ಬೇರೆ ಸ್ಥಳದಲ್ಲಿ ಎಂಬ ನಿಯಮವನ್ನು ಅನುಸರಿಸುತ್ತಾರೆ. ಕೃಷ್ಣರಾಜಪುರದ ಕಚೇರಿಯೊಂದರ ಪ್ರತಿಯನ್ನು ಅದೇ ಕಟ್ಟಡದ ಮತ್ತೊಂದು ಕೊಠಡಿಯಲ್ಲಿ ಇಟ್ಟರೆ ಕೊನೆಯ ಷರತ್ತು ಪೂರೈಸಿದಂತಾಗದು. ಬ್ಯಾಕಪ್‌ನಿಂದ ದಾಖಲೆಗಳನ್ನು ಮರಳಿ ಪಡೆಯಲು ಸಾಧ್ಯವೇ ಎಂದು ಬೇರೊಂದು ಯಂತ್ರದಲ್ಲಿ ಆಗಾಗ ಪರೀಕ್ಷಿಸುವುದೂ ಅಗತ್ಯ.

ಮಿತಿಗಳು

ಸ್ಥಳೀಯ ಸರ್ವರ್ ಕೆಟ್ಟರೆ ಒಂದು ಕಚೇರಿಯ ಕೆಲಸ ನಿಲ್ಲುತ್ತದೆ; ಕೇಂದ್ರೀಕೃತ ಸರ್ವರ್ ನಿಂತರೆ ಎಲ್ಲ ಕಚೇರಿಗಳ ಕೆಲಸವೂ ನಿಲ್ಲುತ್ತದೆ. ಆದರೆ ಕೇಂದ್ರೀಕೃತ ವ್ಯವಸ್ಥೆಯಲ್ಲಿ ಪರಿಣತ ಸಿಬ್ಬಂದಿ ಹಾಗೂ ಬ್ಯಾಕಪ್ ಸೌಲಭ್ಯವನ್ನು ಒಂದೇ ಕಡೆ ಒದಗಿಸುವುದು ಸುಲಭ. ಕಚೇರಿಯ ಕಿಟಕಿಯಲ್ಲಿ ಕೇಳಿಬರುವ ‘ಸರ್ವರ್ ಡೌನ್’ ಎಂಬ ಮಾತಿಗೆ ಯಂತ್ರಾಂಶವೇ ಕಾರಣವಾಗಿರಬೇಕಿಲ್ಲ. ಜಾಲ ಸಂಪರ್ಕದ ಕಡಿತ, ಸೂಚಿಯಿಲ್ಲದ ಕೋಷ್ಟಕ, ತಂತ್ರಾಂಶದ ದೋಷ ಅಥವಾ ಹೊರಗಿನ ಸೈಬರ್ ದಾಳಿಯೂ ಕಾರಣವಾಗಿರಬಹುದು. ಇವುಗಳಲ್ಲಿ ಹೆಚ್ಚಿನವು ದುಬಾರಿ ಯಂತ್ರವನ್ನು ಕೊಳ್ಳುವುದರಿಂದ ಪರಿಹಾರವಾಗುವುದಿಲ್ಲ.