ಮಕ್ಕಳ ಮನಿಗೆ ಆರು ತಿಂಗಳು ಹೊಂಟೀರಾ? ಟೂರಿಸ್ಟ್ ವೀಸಾ ಹೆಂಗ ಮಾಡಿಸಬೇಕು, ಎಷ್ಟು ದಿನ ಇರಬಹುದು: ಪೂರ್ತಿ ಮಾಹಿತಿ

ಬನಹಟ್ಟಿ: ಮಗನೋ ಮಗಳೋ ವಿದೇಶದಾಗ ಇರೋ ಮನಿ ರಬಕವಿ, ಬನಹಟ್ಟಿ, ತೇರದಾಳ, ಮಹಾಲಿಂಗಪುರ ಭಾಗದಲ್ಲಿ ಈಗ ಅಪರೂಪ ಅಲ್ಲ. ಮಗ್ಗ ನಡೆಸಿ, ಕಬ್ಬು ಬೆಳೆದು ಮಕ್ಕಳನ್ನ ಇಂಜಿನಿಯರಿಂಗ್ ಓದಿಸಿದವರಿಗೆ ಒಂದಿನ ಫೋನ್ ಬರತೈತಿ: "ಅಪ್ಪಾ, ನೀವು ಅವ್ವ ಇಬ್ಬರೂ ಬಂದು ಆರು ತಿಂಗಳು ಇದ್ದು ಹೋಗ್ರಿ." ಮಗಳ ಬಾಣಂತನ ಇದ್ದರಂತೂ ಕರೆಯೋದೇ ಬ್ಯಾಡ, ತಾಯಿ ಹೊಂಟೇ ಬಿಡ್ತಾಳ. ಅಲ್ಲಿಂದ ಶುರುವಾಗೋದು ಪಾಸ್‌ಪೋರ್ಟ್, ವೀಸಾ, ಏಜೆಂಟ್ ಓಡಾಟ. ಯಾವ ದೇಶಕ್ಕೆ ಎಷ್ಟು ದಿನ, ಎಷ್ಟು ಖರ್ಚು, ಎಲ್ಲಿಗೆ ಹೋಗಬೇಕು, ಎಲ್ಲಿ ಮೋಸ ಹೋಗ್ತಾರೆ ಅನ್ನೋದನ್ನ ಇಲ್ಲಿ ಕೊಟ್ಟಿದ್ದೇವೆ.

ಮೊದಲು ಪಾಸ್‌ಪೋರ್ಟ್

ಅರ್ಜಿ ಹಾಕೋದು ಆನ್‌ಲೈನ್‌ನಲ್ಲಿ. ಪಾಸ್‌ಪೋರ್ಟ್ ಸೇವಾದ ಅಸಲಿ ಸೈಟ್ ಹೆಸರಿನ ಕೊನೆಗೆ "ಜಿಒವಿ ಡಾಟ್ ಇನ್" ಅಂತ ಇರುತ್ತದೆ. ಅದೇ ತರ ಕಾಣುವ ನಕಲಿ ಸೈಟ್‌ಗಳು ಭಾಳ ಇವೆ, ದುಡ್ಡು ಕಟ್ಟುವ ಮುಂಚೆ ಅಕ್ಷರ ಅಕ್ಷರ ನೋಡ್ರಿ. 36 ಪುಟದ ಸಾದಾ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, 60 ಪುಟದ್ದಕ್ಕೆ 2,000 ರೂಪಾಯಿ. ತತ್ಕಾಲ್ ಬೇಕಂದ್ರೆ ಮೇಲೆ ಇನ್ನೂ 2,000. ಅರವತ್ತು ದಾಟಿದವರು ಹೊಸ ಪಾಸ್‌ಪೋರ್ಟ್ ಮಾಡಿಸಿದರೆ ಶೇ 10 ರಿಯಾಯಿತಿ ಸಿಗುತ್ತದೆ. ಅಪಾಯಿಂಟ್‌ಮೆಂಟ್‌ಗೆ ನಮ್ಮ ಕಡೆಯವರು ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರ ಅಥವಾ ಬೆಳಗಾವಿಯ ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರಕ್ಕೆ ಹೋಗಬಹುದು.

ಇಲ್ಲಿ ನಮ್ಮ ಹಿರಿಯರಿಗೆ ಕಾಡೋದು ಹೆಸರಿನ ಗೊಂದಲ. ಆಧಾರ್‌ನಾಗ "ಬಸಪ್ಪ", ಪ್ಯಾನ್ ಕಾರ್ಡ್‌ನಾಗ "ಬಸವರಾಜ", ಉತಾರದಾಗ ಮತ್ತೊಂದು. ಅಡ್ಡಹೆಸರು ಒಂದರಲ್ಲಿ ಐತಿ, ಇನ್ನೊಂದರಲ್ಲಿ ಇಲ್ಲ. ಇದನ್ನ ಪಾಸ್‌ಪೋರ್ಟ್‌ಗೆ ಹೋಗುವ ಮುಂಚೇನೇ ಸರಿ ಮಾಡಿಸಬೇಕು. ಪಾಸ್‌ಪೋರ್ಟ್‌ನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾ ಅರ್ಜಿಯಲ್ಲಿ ನಿಮ್ಮ ಹೆಸರೇ ಅಡ್ಡಹೆಸರಾಗಿ, ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬರೆಯಬೇಕಾಗುತ್ತದೆ. ಆಮೇಲೆ ವಿಮಾನ ಟಿಕೆಟ್‌ನಿಂದ ಹಿಡಿದು ಎಲ್ಲ ಕಡೆ ಅದೇ ತಕರಾರು. ಎರಡೂ ಜಾಗ ತುಂಬಿಸಿರಿ.

ಹಳೇ ಪಾಸ್‌ಪೋರ್ಟ್ ಇದ್ದವರು ಅವಧಿ ನೋಡ್ಕೊಳ್ರಿ. ವಾಪಸ್ ಬರೋ ದಿನದಿಂದ ಮುಂದೆ ಕನಿಷ್ಠ ಆರು ತಿಂಗಳು ಬಾಕಿ ಇದ್ದರೆ ಯಾವ ದೇಶಕ್ಕೂ ಚಿಂತೆ ಇಲ್ಲ.

ಅಮೆರಿಕ: ಹತ್ತು ವರ್ಷದ ವೀಸಾ ಅಂದ್ರೆ ಹತ್ತು ವರ್ಷ ಇರಬಹುದು ಅಂತಲ್ಲ

ಜನ ಹೆಚ್ಚು ತಪ್ಪು ತಿಳಿದುಕೊಂಡಿರೋದು ಇದನ್ನೇ. ಮಕ್ಕಳನ್ನ ನೋಡಾಕ, ಊರು ನೋಡಾಕ ಹೋಗುವವರಿಗೆ ಅಮೆರಿಕ ಕೊಡೋದು ಬಿ1/ಬಿ2 ವೀಸಾ. ಭಾರತೀಯರಿಗೆ ಸಾಮಾನ್ಯವಾಗಿ ಹತ್ತು ವರ್ಷದ ಅವಧಿಗೆ, ಎಷ್ಟು ಸಲ ಬೇಕಾದರೂ ಹೋಗಿಬರುವಂತೆ ಸಿಗುತ್ತದೆ. ಆದರೆ ಆ ಹತ್ತು ವರ್ಷ ಅನ್ನೋದು ವಿಮಾನ ಹತ್ತಿ ಅವರ ಬಾಗಿಲಿಗೆ ಹೋಗಿ ನಿಲ್ಲುವ ಪರವಾನಗಿ ಮಾತ್ರ. ಒಳಗೆ ಎಷ್ಟು ದಿನ ಇರಬೇಕು ಅನ್ನೋದನ್ನ ನಿರ್ಧಾರ ಮಾಡುವವನು ಅಲ್ಲಿನ ವಿಮಾನ ನಿಲ್ದಾಣದಲ್ಲಿ ಕೂತಿರುವ ಅಧಿಕಾರಿ. ಆತ ಸಾಮಾನ್ಯವಾಗಿ ಆರು ತಿಂಗಳು ಕೊಡ್ತಾನೆ, ಕಡಿಮೆ ಕೊಡುವ ಅಧಿಕಾರವೂ ಆತನಿಗೆ ಐತಿ.

ಆ ಕೊನೆಯ ದಿನಾಂಕ "ಐ-94" ಅನ್ನೋ ದಾಖಲೆಯಲ್ಲಿ ಇರುತ್ತದೆ. ಇದು ಈಗ ಕಾಗದದಲ್ಲಿ ಕೈಗೆ ಬರೋದಿಲ್ಲ, ಆನ್‌ಲೈನ್‌ನಲ್ಲಿ ತೆಗೆಯಬೇಕು. ಮನಿ ಮುಟ್ಟಿದ ವಾರದೊಳಗೆ ಮಗನ ಕಡೆಯಿಂದ ಅದರ ಪ್ರಿಂಟ್ ತೆಗೆಸಿ ಹೆಸರು, ದಿನಾಂಕ ಸರಿ ಇದ್ದಾವೇನು ನೋಡ್ರಿ. ತಪ್ಪಿದ್ದರೆ ಅಲ್ಲಿನ ಕಸ್ಟಮ್ಸ್ ಮತ್ತು ಗಡಿ ಇಲಾಖೆಯಲ್ಲಿ ತಿದ್ದುಪಡಿಗೆ ದಾರಿ ಐತಿ. ವಾಪಸ್ ಟಿಕೆಟ್ ಆ ದಿನಾಂಕಕ್ಕಿಂತ ಒಂದೆರಡು ವಾರ ಮುಂಚೆ ಇರಲಿ.

ದಿನ ಮೀರಿದರೆ ಏನಾಗುತ್ತದೆ? ಒಂದೇ ದಿನ ಮೀರಿದರೂ ಆ ಹತ್ತು ವರ್ಷದ ವೀಸಾ ಅಲ್ಲಿಗೆ ರದ್ದು, ಮತ್ತೆ ಮೊದಲಿಂದ ಅರ್ಜಿ ಹಾಕಬೇಕು. 180 ದಿನಕ್ಕಿಂತ ಹೆಚ್ಚು ಅಕ್ರಮವಾಗಿ ಉಳಿದು ಹೊರಬಂದರೆ ಮೂರು ವರ್ಷ ಪ್ರವೇಶ ಬಂದ್. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ ಹತ್ತು ವರ್ಷ. ಅರವತ್ತೈದರ ವಯಸ್ಸಿನಾಗ ಹತ್ತು ವರ್ಷ ಅಂದ್ರೆ ಮೊಮ್ಮಗನ ಮುಖ ಮೊಬೈಲ್‌ನಾಗೇ ನೋಡಬೇಕು.

ಹೆಚ್ಚು ದಿನ ಇರೋದು ನಿಜವಾಗಿಯೂ ಬೇಕಾದರೆ (ಹೆರಿಗೆ ಆದ ಮೇಲೆ ಮಗಳಿಗೆ ಆರಾಮ ಇಲ್ಲ, ಅಥವಾ ನಿಮಗೇ ಆಪರೇಷನ್ ಆಗಿದೆ ಅಂತಿಟ್ಕೊಳ್ರಿ) ಅದಕ್ಕೆ ಕಾನೂನಿನ ದಾರಿ ಇದೆ. "ಐ-539" ಅರ್ಜಿಯನ್ನು ಐ-94 ದಿನಾಂಕ ಮುಗಿಯುವ ಮೊದಲೇ ಹಾಕಬೇಕು. ಕನಿಷ್ಠ 45 ದಿನ ಮುಂಚೆ ಹಾಕ್ರಿ ಅಂತ ಅಲ್ಲಿನ ಇಲಾಖೆಯೇ ಹೇಳುತ್ತದೆ. 2024ರ ಏಪ್ರಿಲ್ 1ರಿಂದ ಇದರ ಶುಲ್ಕ ಆನ್‌ಲೈನ್‌ನಲ್ಲಿ 420 ಡಾಲರ್, ಕಾಗದದಲ್ಲಿ 470 ಡಾಲರ್. ಕಾರಣ, ಖರ್ಚಿಗೆ ಹಣ, ವಾಪಸ್ ಹೋಗುವ ಯೋಜನೆ ಮೂರನ್ನೂ ತೋರಿಸಬೇಕು.

ಅರ್ಜಿ, ಶುಲ್ಕ, ಮುಂಬೈ ಓಡಾಟ

ಅರ್ಜಿಯ ಹೆಸರು ಡಿಎಸ್-160. ತುಂಬೋದಕ್ಕೆ ದುಡ್ಡಿಲ್ಲ. ಎಲ್ಲ ಪ್ರಶ್ನೆ ಇಂಗ್ಲಿಷ್‌ನಲ್ಲಿ ಇರುತ್ತವೆ, ಸುಮಾರು 20 ನಿಮಿಷ ಕೈ ಬಿಟ್ಟರೆ ಸೈಟ್ ಬಂದ್ ಆಗುತ್ತದೆ. ಆದ್ದರಿಂದ ಮೊದಲಿಗೆ ಬರುವ ಅರ್ಜಿ ಸಂಖ್ಯೆಯನ್ನ ಬರೆದಿಟ್ಟುಕೊಂಡೇ ಮುಂದೆ ಹೋಗ್ರಿ. ಐದು ವರ್ಷದಲ್ಲಿ ಬಳಸಿದ ಸೋಶಿಯಲ್ ಮೀಡಿಯಾ ಖಾತೆಗಳನ್ನೂ ಕೇಳ್ತಾರೆ, ಫೇಸ್‌ಬುಕ್ ಇದ್ದರೆ ಇದೆ ಅಂತ ಬರೀರಿ. ಫೋಟೋ ಎರಡು ಇಂಚು ಚೌಕ, ಬಿಳಿ ಹಿನ್ನೆಲೆ, ಚಷ್ಮಾ ತೆಗೆದು. ಸ್ಟುಡಿಯೋದವರಿಗೆ "ಅಮೆರಿಕ ವೀಸಾ ಸೈಜ್" ಅಂತ ಹೇಳ್ರಿ, ಪಾಸ್‌ಪೋರ್ಟ್ ಸೈಜ್ ಕೊಟ್ಟರೆ ನಡೆಯೋದಿಲ್ಲ.

ವೀಸಾ ಶುಲ್ಕ 2023ರ ಜೂನ್ 17ರಿಂದ ಒಬ್ಬರಿಗೆ 185 ಡಾಲರ್. ಗಂಡ ಹೆಂಡತಿಗೆ 370 ಡಾಲರ್. ವೀಸಾ ಸಿಗದಿದ್ದರೆ ಒಂದು ಪೈಸೆ ವಾಪಸ್ ಇಲ್ಲ. ಕಟ್ಟಿದ ಮೇಲೆ ಒಂದು ವರ್ಷದೊಳಗೆ ಸಂದರ್ಶನದ ದಿನ ಗೊತ್ತು ಮಾಡಿಕೊಳ್ಳಬೇಕು. 2025ರ ಜುಲೈ 4ರಂದು ಸಹಿಯಾದ ಅಮೆರಿಕದ ಕಾನೂನಿನಲ್ಲಿ ವೀಸಾ ಸಿಕ್ಕವರಿಗೆ ಇನ್ನೂ 250 ಡಾಲರ್ ಹಾಕುವ ಅವಕಾಶ ಇಟ್ಟಿದ್ದಾರೆ, ಹೀಗಾಗಿ ಹಣ ಕಟ್ಟುವ ದಿನ ಅಧಿಕೃತ ಸೈಟ್‌ನಲ್ಲಿ ದರ ನೋಡಿಯೇ ಕಟ್ರಿ.

ಬೆಂಗಳೂರಿನಲ್ಲಿ 2025ರ ಜನವರಿ 17ರಂದು ಅಮೆರಿಕದ ಕಾನ್ಸುಲೇಟ್ ಉದ್ಘಾಟನೆ ಆಯ್ತು, ಆದರೆ ವೀಸಾ ಸಂದರ್ಶನ ಇಲ್ಲದೆಯೇ ಅದು ಶುರುವಾಗಿದ್ದು. ಸಂದರ್ಶನಕ್ಕೆ ದಿಲ್ಲಿ, ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತ. ನಮಗೆ ಅನುಕೂಲ ಮುಂಬೈ. ಕುಡಚಿ ಇಲ್ಲಾ ಮೀರಜ್‌ನಿಂದ ರೈಲು ಹಿಡಿದರೆ ಆಯ್ತು. ಕಾನ್ಸುಲೇಟ್ ಇರೋದು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ. ಎರಡು ಅಪಾಯಿಂಟ್‌ಮೆಂಟ್ ಇರುತ್ತವೆ: ಒಂದು ಬೆರಳಚ್ಚು ಮತ್ತು ಫೋಟೋಕ್ಕೆ, ಇನ್ನೊಂದು ಸಂದರ್ಶನಕ್ಕೆ. ಎರಡಕ್ಕೂ ಅಂತರ ಇಟ್ಟು ರೂಮ್ ಮಾಡ್ಕೊಳ್ರಿ. ಕಾನ್ಸುಲೇಟ್ ಒಳಗೆ ಮೊಬೈಲ್ ಬಿಡೋದಿಲ್ಲ, ಮಗನ ನಂಬರ್, ವಿಳಾಸ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗ್ರಿ. 2025ರ ಜನವರಿ 1ರಿಂದ ದಿನಾಂಕ ಬದಲಿಸೋದು ಒಂದೇ ಸಲ ಪುಕ್ಕಟೆ. ಅದನ್ನೂ ತಪ್ಪಿಸಿಕೊಂಡರೆ ಮತ್ತೆ ಶುಲ್ಕ ಕಟ್ಟಬೇಕು.

ಮೊದಲು 79 ದಾಟಿದ ಹಿರಿಯರಿಗೆ ಸಂದರ್ಶನ ಬಿಡ್ತಿದ್ರು. 2025ರ ಸೆಪ್ಟೆಂಬರ್ 2ರಿಂದ ಆ ವಿನಾಯಿತಿ ಹೋಯ್ತು. ಎಂಬತ್ತರ ಅಜ್ಜನೂ ಖುದ್ದಾಗಿ ಹೋಗಬೇಕು.

ಕಿಟಕಿ ಮುಂದೆ ಏನು ಕೇಳ್ತಾರೆ

ಎರಡು ಮೂರು ನಿಮಿಷದ ಮಾತು. ಯಾರ ಹತ್ರ ಹೊಂಟೀರಿ, ಮಗ ಏನು ಕೆಲಸ ಮಾಡ್ತಾನೆ, ಎಷ್ಟು ದಿನ ಇರ್ತೀರಿ, ಇಲ್ಲಿ ಏನು ಮಾಡ್ತೀರಿ. ಮುಂಬೈಯಲ್ಲಿ ಹಿಂದಿಯಲ್ಲಿ ಮಾತಾಡಿದರೂ ನಡೀತದ. ಅಮೆರಿಕದ ಕಾನೂನು ಪ್ರತಿಯೊಬ್ಬ ಅರ್ಜಿದಾರನನ್ನೂ "ಈತ ಅಲ್ಲೇ ಉಳಿಯಲು ಬಂದವನು" ಅಂತಲೇ ಹಿಡಿದು ಶುರು ಮಾಡುತ್ತದೆ. ವಾಪಸ್ ಬರ್ತೀನಿ ಅಂತ ನಂಬಿಸೋ ಜವಾಬ್ದಾರಿ ನಿಮ್ಮದು. 214(ಬಿ) ಅಂತ ಚೀಟಿ ಕೊಟ್ಟು ಕಳಿಸಿದರೆ ಅರ್ಥ ಇದೇ: ನಂಬಿಕೆ ಬರಲಿಲ್ಲ. ಅದಕ್ಕೆ ಮೇಲ್ಮನವಿ ಇಲ್ಲ, ಹೊಸ ಅರ್ಜಿ ಹಾಕಬಹುದು.

ಹಾಗಾದರೆ ಏನು ತೋರಿಸಬೇಕು? ಇದ್ದದ್ದನ್ನ. ಉತಾರ, ಮನಿ ಕಾಗದ, ಅಂಗಡಿ ಇದ್ದರೆ ಜಿಎಸ್‌ಟಿ ನೋಂದಣಿ, ಪಾವರ್‌ಲೂಮ್ ಇದ್ದರೆ ಅದರ ಕಾಗದ, ಸಕ್ಕರೆ ಕಾರ್ಖಾನೆಯ ಕಬ್ಬಿನ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್, ಪಿಂಚಣಿ ಇದ್ದರೆ ಪಿಂಚಣಿ ಆದೇಶ. ಅಧಿಕಾರಿ ಇವನ್ನ ಕೇಳದೇ ಇರಬಹುದು, ಬ್ಯಾಗ್‌ನಾಗ ಇರಲಿ. ಮಗನ ಆಹ್ವಾನ ಪತ್ರ ಅಮೆರಿಕಕ್ಕೆ ಕಡ್ಡಾಯ ಅಲ್ಲ.

ವೀಸಾಕ್ಕಾಗಿ ಖಾತೆಗೆ ಯಾರದೋ ಹತ್ತು ಲಕ್ಷ ಹಾಕಿಸೋದು, ಇಲ್ಲದ ಅಂಗಡಿಯ ಲೆಟರ್‌ಹೆಡ್ ಮಾಡಿಸೋದು ಇಂಥ ಐಡಿಯಾ ಕೊಡೋ ಏಜೆಂಟರು ಇದ್ದಾರೆ. ದೂರ ಇರ್ರಿ. ಸುಳ್ಳು ಕಾಗದ ಕೊಟ್ಟದ್ದು ಸಿಕ್ಕರೆ ಅಮೆರಿಕದ ಬಾಗಿಲು ಕಾಯಂ ಬಂದ್. ಸಹಿ ನಿಮ್ಮದು, ಏಜೆಂಟನದಲ್ಲ.

ಬಾಣಂತನಕ್ಕೆ ಹೊಂಟ ತಾಯಂದಿರು "ಕೂಸು ನೋಡ್ಕೊಳ್ಳಾಕ ಹೊಂಟೀನಿ" ಅಂತ ಹೇಳಬೇಕೋ ಬೇಡವೋ ಅಂತ ಹೆದರ್ತಾರೆ. ಮಗಳನ್ನ, ಮೊಮ್ಮಗನನ್ನ ನೋಡಾಕ ಹೋಗೋದು ತಪ್ಪಲ್ಲ, ಹಾಗೇ ಹೇಳ್ರಿ. ಪಗಾರ ತಗೊಂಡು ಯಾವ ಕೆಲಸವನ್ನೂ ಟೂರಿಸ್ಟ್ ವೀಸಾ ಮೇಲೆ ಮಾಡುವ ಹಾಗಿಲ್ಲ, ಅಕ್ಕಪಕ್ಕದ ಮನಿ ಕೂಸು ನೋಡ್ಕೊಂಡು ಡಾಲರ್ ತಗೊಳ್ಳೋದೂ ಅದರಾಗೇ ಬಂತು.

ಬೇರೆ ದೇಶಗಳು

ಹೆಚ್ಚು ದಿನ ಇರಬೇಕು ಅನ್ನುವವರಿಗೆ ಎಲ್ಲಕ್ಕಿಂತ ಚಲೋ ವ್ಯವಸ್ಥೆ ಇರೋದು ಕೆನಡಾದಲ್ಲಿ. ಸಾದಾ ವಿಸಿಟರ್ ವೀಸಾಕ್ಕೆ 100 ಕೆನಡಾ ಡಾಲರ್, ಬೆರಳಚ್ಚಿಗೆ 85, ಒಂದು ಸಲಕ್ಕೆ ಸಾಮಾನ್ಯವಾಗಿ ಆರು ತಿಂಗಳು. ಆದರೆ ಮಗ ಅಥವಾ ಮಗಳು ಅಲ್ಲಿನ ನಾಗರಿಕರು ಇಲ್ಲವೇ ಕಾಯಂ ನಿವಾಸಿ ಆಗಿದ್ದರೆ ತಂದೆ ತಾಯಿ, ಅಜ್ಜ ಅಜ್ಜಿಗೆ "ಸೂಪರ್ ವೀಸಾ" ಇದೆ. 2022ರ ಜುಲೈ 4ರಿಂದ ಒಂದು ಸಲ ಹೋದರೆ ಐದು ವರ್ಷದವರೆಗೆ ಇರಬಹುದು. ಷರತ್ತುಗಳು: ಮಕ್ಕಳ ಆದಾಯ ಸರ್ಕಾರ ಹೇಳಿದ ಮಟ್ಟಕ್ಕೆ ಇರಬೇಕು, ಕನಿಷ್ಠ ಒಂದು ವರ್ಷದ, ಒಂದು ಲಕ್ಷ ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಇರಬೇಕು, ವೈದ್ಯಕೀಯ ತಪಾಸಣೆ ಆಗಬೇಕು. ಮಗ ಬರೀ ವರ್ಕ್ ಪರ್ಮಿಟ್ ಮೇಲೆ ಇದ್ದರೆ ಇದು ಸಿಗೋದಿಲ್ಲ.

ಆಸ್ಟ್ರೇಲಿಯಕ್ಕೆ ಸಬ್‌ಕ್ಲಾಸ್ 600 ವಿಸಿಟರ್ ವೀಸಾ, ಆನ್‌ಲೈನ್‌ನಲ್ಲೇ ಅರ್ಜಿ. ಮೂರು, ಆರು ಅಥವಾ ಹನ್ನೆರಡು ತಿಂಗಳು ಕೊಡ್ತಾರೆ. ಮಂಜೂರಾತಿ ಪತ್ರದಲ್ಲಿ "8503" ಅನ್ನೋ ಅಂಕಿ ಐತೇನು ನೋಡ್ರಿ. ಇದ್ದರೆ ಅಲ್ಲಿದ್ದುಕೊಂಡು ಅವಧಿ ಮುಂದುವರಿಸಲು ಆಗೋದಿಲ್ಲ ಅಂತ ಅರ್ಥ.

ಬ್ರಿಟನ್‌ಗೆ ಆರು ತಿಂಗಳು, 2025ರ ಏಪ್ರಿಲ್‌ನಿಂದ 127 ಪೌಂಡ್. ಎರಡು, ಐದು, ಹತ್ತು ವರ್ಷದ ವೀಸಾ ತಗೊಂಡರೂ ಒಂದು ಸಲಕ್ಕೆ ಆರೇ ತಿಂಗಳು. ವಾಪಸ್ ಬಂದು ಮತ್ತೆ ತಕ್ಷಣ ಹೋಗಿ ಅಲ್ಲೇ ಸಂಸಾರ ಹೂಡಿದಂಗ ಮಾಡಿದರೆ ತಡೀತಾರೆ.

ಜರ್ಮನಿ, ನೆದರ್ಲೆಂಡ್ಸ್, ಫ್ರಾನ್ಸ್ ಇವೆಲ್ಲ ಷೆಂಗನ್ ದೇಶಗಳು. ಇಲ್ಲಿ ಆರು ತಿಂಗಳ ಆಸೆ ಬಿಡಬೇಕು. ಯಾವುದೇ 180 ದಿನದಲ್ಲಿ 90 ದಿನ ಮಾತ್ರ, ಅದೂ ಎಲ್ಲ ಷೆಂಗನ್ ದೇಶಗಳ ದಿನ ಕೂಡಿಸಿ. ಮಗ ಜರ್ಮನಿಯಲ್ಲಿ, ಮಗಳು ಫ್ರಾನ್ಸ್‌ನಲ್ಲಿ ಇದ್ದರೂ ಇಬ್ಬರಿಗೂ ಸೇರಿ ತೊಂಬತ್ತೇ. 2024ರ ಜೂನ್ 11ರಿಂದ ಶುಲ್ಕ 90 ಯೂರೊ, 30,000 ಯೂರೊ ವಿಮೆ ಕಡ್ಡಾಯ. ಬ್ರಿಟನ್, ಕೆನಡಾ, ಜರ್ಮನಿಯ ಬೆರಳಚ್ಚು ಕೆಲಸ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲೇ ಮುಗಿಯುತ್ತದೆ.

ದುಬೈಗೆ 30 ಇಲ್ಲವೇ 60 ದಿನದ ವಿಸಿಟ್ ವೀಸಾ. ದಿನ ಮೀರಿದರೆ ದಿನಕ್ಕೆ 50 ದಿರಹಂ ದಂಡ.

ಹುಡುಗರಿಗೆ ಒಂದು ಮಾತು

"ಟೂರಿಸ್ಟ್ ವೀಸಾ ಮೇಲೆ ಹೋಗು, ಅಲ್ಲಿ ಕೆಲಸ ಕೊಡಿಸ್ತೀವಿ" ಅನ್ನೋ ಮಾತಿಗೆ ಹೂಂ ಅನ್ನಬ್ಯಾಡ್ರಿ. ಥಾಯ್ಲೆಂಡ್‌ನಲ್ಲಿ ಕಂಪ್ಯೂಟರ್ ಕೆಲಸ ಅಂತ ಕರೆದುಕೊಂಡು ಹೋಗಿ ಮ್ಯಾನ್ಮಾರ್, ಕಾಂಬೋಡಿಯಾದ ಆನ್‌ಲೈನ್ ವಂಚನೆ ಅಡ್ಡೆಗಳಲ್ಲಿ ಕೂಡಿಹಾಕಿದ ಪ್ರಕರಣಗಳ ಬಗ್ಗೆ ವಿದೇಶಾಂಗ ಸಚಿವಾಲಯ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಕೆಲಸಕ್ಕೆ ಕಳಿಸುವ ಏಜೆಂಟನ ಹೆಸರು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಇರಬೇಕು. ಇಲ್ಲದಿದ್ದರೆ ಆತನಿಗೆ ಪಾಸ್‌ಪೋರ್ಟ್‌ನ ಝೆರಾಕ್ಸ್ ಕೂಡ ಕೊಡಬ್ಯಾಡ್ರಿ.

ಹೊರಡುವ ಮುಂಚೆ

ವೀಸಾ ಕೈಗೆ ಬರುವ ತನಕ ವಿಮಾನದ ಟಿಕೆಟ್ ತೆಗೆಸಬೇಡಿ. ಅಮೆರಿಕ ವಿಮೆ ಕೇಳೋದಿಲ್ಲ, ಆದರೂ ಮಾಡಿಸ್ರಿ. ಅಲ್ಲಿ ಆಸ್ಪತ್ರೆ ಬಿಲ್ ಮಗನ ವರ್ಷದ ಉಳಿತಾಯ ತಿಂದುಬಿಡುತ್ತದೆ. ಸಕ್ಕರೆ ಕಾಯಿಲೆ, ಬಿಪಿ ಮೊದಲಿಂದ ಇದ್ದರೆ ಪಾಲಿಸಿಯಲ್ಲಿ ಅದು ಸೇರಿದೆಯೇ ಅಂತ ಕೇಳಿ ಬರವಣಿಗೆಯಲ್ಲಿ ತಗೊಳ್ರಿ. ಗುಳಿಗೆಗಳನ್ನ ಅಂಗಡಿಯ ಪ್ಯಾಕ್‌ನಲ್ಲೇ, ಡಾಕ್ಟರ ಚೀಟಿ ಜೊತೆ ಒಯ್ಯಬೇಕು. ಶೇಂಗಾ ಚಟ್ನಿ, ಕಟಕ ರೊಟ್ಟಿ, ಕರದಂಟು ಒಯ್ಯುವವರು ಕಸ್ಟಮ್ಸ್ ಫಾರ್ಮ್‌ನಲ್ಲಿ "ತಿನ್ನೋ ಸಾಮಾನು ಐತಿ" ಅಂತ ಬರೆಯಬೇಕು. ಹಸಿ ಹಣ್ಣು, ತರಕಾರಿ, ಮಾಂಸ ಬೇಡವೇ ಬೇಡ, ಆಸ್ಟ್ರೇಲಿಯದವರು ಈ ವಿಷಯದಾಗ ಭಾಳ ಬಿಗಿ. ನಗದು ವಿದೇಶಿ ಕರೆನ್ಸಿ ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ ತಗೊಳ್ಳಬಹುದು, ಉಳಿದದ್ದು ಕಾರ್ಡ್‌ನಲ್ಲಿ.

ಸಿಮ್ ಕಾರ್ಡ್ ಮರೀಬ್ಯಾಡ್ರಿ. ಮೂರು ತಿಂಗಳು ಬಳಸದೆ, ರೀಚಾರ್ಜ್ ಮಾಡದೆ ಬಿಟ್ಟರೆ ನಂಬರ್ ಹೋಗುತ್ತದೆ, ಅದರ ಜೊತೆ ಆಧಾರ್ ಮತ್ತು ಬ್ಯಾಂಕಿನ ಒಟಿಪಿಯೂ ಹೋಯ್ತು. ಪಿಂಚಣಿದಾರರು ನವೆಂಬರ್‌ನಲ್ಲಿ ಅಲ್ಲೇ ಇರುವವರಿದ್ದರೆ ಜೀವನ ಪ್ರಮಾಣ ಪತ್ರವನ್ನು ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್ ಮೂಲಕ ಕೊಡಲು ಬರುತ್ತದೆ. ಹೋಗುವ ಮುಂಚೆ ನಿಮ್ಮ ಬ್ಯಾಂಕಿನಲ್ಲಿ ಅದರ ನಮೂನೆ ಕೇಳಿ ತಗೊಂಡು ಹೋಗ್ರಿ.