ಮೈಸೂರು ಸರ್ಕಾರದ ವಾಸ್ತುಶಿಲ್ಪಿ ಆಟೋ ಕ್ಯೋನಿಗ್ಸ್‌ಬರ್ಗರ್

ಮೈಸೂರು ಸಂಸ್ಥಾನದ ಕಟ್ಟಡಗಳ ಇತಿಹಾಸವನ್ನು ಬರೆಯುವವರು ಅರಮನೆಯ ಗೋಪುರಗಳಲ್ಲಿಯೇ ನಿಂತುಬಿಡುವುದುಂಟು. 1939ರಿಂದ 1948ರವರೆಗೆ ಆ ಸರ್ಕಾರದ ಸೇವೆಯಲ್ಲಿದ್ದ ಆಟೋ ಕ್ಯೋನಿಗ್ಸ್‌ಬರ್ಗರ್ ಅವರಿಗೆ ಮುಂದೆ ದೆಹಲಿಯಲ್ಲಿ ಒದಗಿದ ಅಪಯಶಸ್ಸನ್ನು ಅವರ ಬೆಂಗಳೂರಿನ ಕೆಲಸದ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

1908ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಇವರು 1933ರಲ್ಲಿ ಷಿಂಕೆಲ್ ಬಹುಮಾನವನ್ನು ಪಡೆದರು. ಅದೇ ವರ್ಷ, ಯೆಹೂದ್ಯ ಮೂಲದವರೆಂಬ ಕಾರಣದಿಂದ, ನಾಜಿ ಆಡಳಿತದಲ್ಲಿ ಕೆಲಸವನ್ನೂ ಕಳೆದುಕೊಂಡರು. ಬಳಿಕ ಈಜಿಪ್ಟಿಗೆ ತೆರಳಿ, ಅಲ್ಲಿಯ ಪ್ರಾಚೀನ ಬಾಗಿಲುಗಳ ರಚನೆಯನ್ನು ಕುರಿತು ಪ್ರೌಢಪ್ರಬಂಧವನ್ನು ಬರೆದರು. ನವೀನ ಪಂಥದ ಶಿಲ್ಪಿಯೊಬ್ಬರು ಫರೋಗಳ ಕದಗಳನ್ನು ಅಭ್ಯಸಿಸುತ್ತ ಕುಳಿತುದು ವಿನೋದವಾಗಿ ತೋರಬಹುದು. ಹಳೆಯ ಕೈಕೆಲಸದಲ್ಲಿ ಅವರಿಗಿದ್ದ ಗೌರವಕ್ಕೆ ಅದು ಸಾಕ್ಷಿ. ಇವರ ಸೋದರಮಾವ, ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಸರ್ ಸಿ. ವಿ. ರಾಮನ್ನರ ಆಹ್ವಾನದ ಮೇಲೆ ಬೆಂಗಳೂರಿನಲ್ಲಿದ್ದವರು. ಆ ಪರಿಚಯದ ಮೂಲಕ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ಲರು ಇವರನ್ನು ಕರೆಸಿಕೊಂಡರು.

ಕರೆಸಿಕೊಂಡವರಿಗೂ ಬಂದವರಿಗೂ ಅಭಿರುಚಿ ಕೂಡಲಿಲ್ಲ. ದಿವಾನರಿಗೆ ಗುಮ್ಮಟ, ಕಮಾನು, ಅಲಂಕಾರಗಳು ಪ್ರಿಯವಾಗಿದ್ದುವು. ಶಿಲ್ಪಿಯ ಲಕ್ಷ್ಯವೆಲ್ಲವೂ ಬಿಸಿಲಿನ ದಿಕ್ಕು, ಗಾಳಿಯ ಸಂಚಾರ, ನೆರಳುಗಳ ಮೇಲಿದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಗಾಗಿ ಇವರು ರಚಿಸಿದ ವಿಮಾನಶಾಸ್ತ್ರ ವಿಭಾಗದ ಕಟ್ಟಡ ಹಾಗೂ ಭೋಜನಶಾಲೆಗಳಲ್ಲಿ ಈ ಎರಡನೆಯ ದೃಷ್ಟಿಯೇ ಮೇಲುಗೈಯಾಗಿದೆ. ಜಮ್‌ಷೆಡ್‌ಪುರದ ಬೆಳವಣಿಗೆಯ ನಕ್ಷೆಯೂ 1948ರ ಭುವನೇಶ್ವರದ ನಕ್ಷೆಯೂ ಇವರವೇ.

1948ರಲ್ಲಿ ಇವರು ಕೇಂದ್ರ ಸರ್ಕಾರದ ವಸತಿ ನಿರ್ದೇಶಕರಾದರು. ದೇಶವಿಭಜನೆಯಿಂದ ನಿರಾಶ್ರಿತರಾದ ಲಕ್ಷಾಂತರ ಜನರಿಗೆ ಬೇಗನೆ ಸೂರು ಬೇಕಾಗಿದ್ದಿತು. ಗೋಡೆ ಚಾವಣಿಗಳ ಹಲಗೆಗಳನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದು, ನಿವೇಶನಕ್ಕೆ ಸಾಗಿಸಿ ಜೋಡಿಸುವ ಕಾರ್ಖಾನೆಯೊಂದು ದೆಹಲಿಯ ಜಂಗ್‌ಪುರದಲ್ಲಿ ಸ್ಥಾಪಿತವಾಯಿತು. ಆದರೆ ಹಲಗೆಗಳು ಬಿರುಕುಬಿಟ್ಟುವು. ಮನೆಗಳು ಸಕಾಲಕ್ಕೆ ಏಳಲಿಲ್ಲ. ಸಂಸತ್ತಿನಲ್ಲಿ ತೀವ್ರ ಟೀಕೆ ಎದ್ದಿತು. 1951ರಲ್ಲಿ ಇವರು ಭಾರತವನ್ನು ಬಿಟ್ಟು ಲಂಡನ್ನಿಗೆ ಹೋದರು. ಕಾರ್ಖಾನೆಯು 1953ರಲ್ಲಿ ಹಿಂದೂಸ್ತಾನ್ ಹೌಸಿಂಗ್ ಫ್ಯಾಕ್ಟರಿ ಎಂಬ ಸಂಸ್ಥೆಯಾಗಿ ಮುಂದುವರಿಯಿತು.

ಪರದೇಶದವರಾದುದರಿಂದ ಸೋತರೆಂಬ ಮಾತು ನಿಲ್ಲಲಾರದು. ಬೆಂಗಳೂರಿನಲ್ಲಿಯೂ ಅವರು ಪರದೇಶದವರೇ. ಅಲ್ಲಿ ಒಂದೊಂದು ಕಟ್ಟಡವನ್ನೂ ಅದರದರ ನೆಲಕ್ಕೆ ಹೊಂದಿಸಲು ಅವರಿಗೆ ಅವಕಾಶವಿದ್ದಿತು. ದೆಹಲಿಯ ಆತುರದಲ್ಲಿ, ಸಾಕಷ್ಟು ಪರೀಕ್ಷೆಗೊಳಗಾಗದ ಯಂತ್ರವಿಧಾನವೊಂದಕ್ಕೆ ಎಲ್ಲವನ್ನೂ ಒಪ್ಪಿಸಲಾಯಿತು. ಈ ಹೊಣೆಯಲ್ಲಿ ಸರ್ಕಾರಕ್ಕೂ ಪಾಲುಂಟೆಂದು ನನ್ನ ಅಭಿಪ್ರಾಯ.

ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪವನ್ನು ಬೋಧಿಸುವ ವಿಭಾಗದ ಮುಖ್ಯಸ್ಥರಾಗಿದ್ದ ಇವರು, ಸಹಲೇಖಕರೊಡನೆ 1974ರಲ್ಲಿ ಪ್ರಕಟಿಸಿದ ಕೈಪಿಡಿಯು ಆ ವಿಷಯದ ಪಠ್ಯಪುಸ್ತಕವಾಯಿತು, 1999ರಲ್ಲಿ ನಿಧನರಾದರು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಕಲಬುರಗಿ ಪ್ರಾಂತಕ್ಕೆ ಇವರ ಮೈಸೂರಿನ ಅಧಿಕಾರ ವ್ಯಾಪಿಸಿರಲಿಲ್ಲ. ಆದರೂ ಒಣಬಿಸಿಲಿನ ನಾಡುಗಳಿಗೆ ಅವರ ಶಾಸ್ತ್ರವು ವಿಧಿಸುವ ದಪ್ಪಗೋಡೆ, ಚಿಕ್ಕ ಕಿಟಕಿ, ಒಳಅಂಗಳಗಳನ್ನು ಆಳಂದ, ಅಫಜಲಪುರ, ಜೇವರ್ಗಿಗಳ ಹಳೆಯ ಮಾಳಿಗೆ ಮನೆಗಳಲ್ಲಿ ವಿದ್ಯಾರ್ಥಿಗಳು ಕಣ್ಣಾರೆ ನೋಡಬಹುದು.